ಬೆಳಗಿನ ಮೊದಲ ಸೆಲ್ಫ್

ರಾತ್ರಿಯಿಡೀ ನಿಂತು ತಣ್ಣಗಾದ ಕಾರು ಬೆಳಿಗ್ಗೆ ಸ್ಟಾರ್ಟ್ ಆಗಲು ಸತಾಯಿಸುತ್ತದೆ. ಹೇಗೋ ಒಮ್ಮೆ ಹೊತ್ತಿಕೊಂಡು ಹತ್ತು ನಿಮಿಷ ಓಡಿತೆಂದರೆ ಆಮೇಲೆ ದಿನವಿಡೀ ಅರ್ಧ ಸೆಲ್ಫ್‌ಗೇ ಎದ್ದುಬಿಡುತ್ತದೆ. ಗ್ಯಾರೇಜು ತಲುಪುವ ಹೊತ್ತಿಗೆ ಎಂಜಿನ್ ಬಿಸಿಯಾಗಿ ದೋಷ ಮಾಯವಾಗಿರುತ್ತದೆ. ಮೆಕ್ಯಾನಿಕ್ ಕೀಲಿ ತಿರುಗಿಸಿದರೆ ಗಾಡಿ ಚೊಕ್ಕವಾಗಿ ಸ್ಟಾರ್ಟ್ ಆಗುತ್ತದೆ. ಕಣ್ಣಿಗೆ ಏನೂ ಕಾಣದಿದ್ದಾಗ ಊಹೆಯ ರಿಪೇರಿ ಶುರುವಾಗುತ್ತದೆ: ಮೊದಲು ಪ್ಲಗ್, ಆಮೇಲೆ ಫಿಲ್ಟರ್, ಅದಾದ ಮೇಲೆ ಬ್ಯಾಟರಿ. ಬಿಲ್ಲು ಬೆಳೆಯುತ್ತದೆ, ಮರುದಿನ ಬೆಳಿಗ್ಗೆ ಮತ್ತದೇ ರಾಗ. ಈ ದೋಷದ ಸಾಕ್ಷ್ಯ ಸಿಗುವುದು ದಿನಕ್ಕೊಮ್ಮೆ, ಅದೂ ಕೆಲವೇ ಸೆಕೆಂಡು. ಆ ಸೆಕೆಂಡುಗಳಲ್ಲಿ ಕಿವಿ, ಕಣ್ಣು, ಮೂಗು ಏನನ್ನು ಹಿಡಿದವು ಎಂಬುದರ ಮೇಲೆ ಪತ್ತೆಯ ಮುಕ್ಕಾಲು ಭಾಗ ನಿಂತಿದೆ.

ಚಳಿಯನ್ನು ಬೈಯುವುದು ಸುಲಭ. ಆದರೆ ಕರ್ನಾಟಕದ ಚಳಿಗೆ ಕಾರನ್ನು ನಿಲ್ಲಿಸುವಷ್ಟು ಶಕ್ತಿಯಿಲ್ಲ. ಬೆಂಗಳೂರಿನ ದಾಖಲೆಯ ಚಳಿ 1884ರ ಜನವರಿ 13ರಂದು ಅಳೆದ 7.8 ಡಿಗ್ರಿ ಸೆಲ್ಸಿಯಸ್. ಡಿಸೆಂಬರ್-ಜನವರಿಯಲ್ಲಿ ಬೀದರ್ ಕಡೆ ಪಾರಾ ಹತ್ತರ ಕೆಳಗೆ ಇಳಿಯುವುದುಂಟು, ಮಡಿಕೇರಿಯ ಮುಂಜಾವು ಅದರ ಆಸುಪಾಸು. ಇದೇ ಬಗೆಯ ಎಂಜಿನ್‌ಗಳು ಶೂನ್ಯಕ್ಕಿಂತ 20 ಡಿಗ್ರಿ ಕೆಳಗೂ ಸ್ಟಾರ್ಟ್ ಆಗುತ್ತವೆ. ಹಾಗಾಗಿ ಇಲ್ಲಿಯ ಬೆಳಗಿನಲ್ಲಿ ಸತಾಯಿಸುವ ಕಾರಿನಲ್ಲಿ ಯಾವುದೋ ಒಂದು ಭಾಗ ಮೊದಲೇ ಸೊರಗಿದೆ ಎಂದೇ ತಿಳಿಯಬೇಕು. ಎಂಜಿನ್ನಿನ ಲೆಕ್ಕದಲ್ಲಿ ಮಂಗಳೂರಿನ 24 ಡಿಗ್ರಿಯ ಬೆಳಗೂ ತಣ್ಣಗಿನದೇ. ಓಡುತ್ತಿರುವಾಗ ಅದರೊಳಗಿನ ಕೂಲಂಟ್‌ನ ಬಿಸಿ 85ರಿಂದ 100 ಡಿಗ್ರಿ. ಕರಾವಳಿಯ ಕಾರಿಗೂ ಈ ಕಾಯಿಲೆ ಬರುವುದು ಇದೇ ಕಾರಣಕ್ಕೆ.

ತಣ್ಣಗಿನ ಎಂಜಿನ್‌ಗೆ ಮೂರು ಕಷ್ಟ ಒಟ್ಟಿಗೆ ಬರುತ್ತವೆ. ಬ್ಯಾಟರಿಯೊಳಗಿನ ರಾಸಾಯನಿಕ ಕ್ರಿಯೆ ನಿಧಾನವಾಗಿ ಅದರ ಬಲ ಕುಗ್ಗುತ್ತದೆ. ಅದೇ ಹೊತ್ತಿಗೆ ಎಂಜಿನ್ ಆಯಿಲ್ ಮಂದವಾಗಿ, ಎಂಜಿನ್ ತಿರುಗಿಸಲು ಹೆಚ್ಚು ಬಲ ಬೇಕಾಗುತ್ತದೆ. ಮೂರನೆಯದು ಇಂಧನದ್ದು. ಪೆಟ್ರೋಲ್ ದ್ರವವಾಗಿದ್ದಾಗ ಉರಿಯುವುದಿಲ್ಲ. ಅದು ಆವಿಯಾಗಿ ಗಾಳಿಯೊಡನೆ ಬೆರೆಯಬೇಕು. ಪೆಟ್ರೋಲ್ ಎಂಬುದು ಹಲವು ಹೈಡ್ರೋಕಾರ್ಬನ್‌ಗಳ ಬೆರಕೆ. ಅದರಲ್ಲಿ ಹಗುರವಾದವು ಸುಮಾರು 30 ಡಿಗ್ರಿಗೇ ಕುದಿಯುತ್ತವೆ, ಭಾರವಾದವಕ್ಕೆ 200 ಡಿಗ್ರಿ ಬೇಕು. ತಣ್ಣಗಿನ ಸಿಲಿಂಡರ್‌ನಲ್ಲಿ ಹಗುರ ಭಾಗ ಮಾತ್ರ ಆವಿಯಾಗುತ್ತದೆ, ಉಳಿದದ್ದು ಗೋಡೆಗೆ ಅಂಟಿಕೊಳ್ಳುತ್ತದೆ. ಒಂದು ಭಾಗ ಪೆಟ್ರೋಲ್‌ಗೆ 14.7 ಭಾಗ ಗಾಳಿ ಎಂಬ ಪಠ್ಯಪುಸ್ತಕದ ಅನುಪಾತ ಬಿಸಿ ಎಂಜಿನ್‌ಗೆ ಸರಿ. ತಣ್ಣಗಿನದಕ್ಕೆ ಹೊತ್ತಿಕೊಳ್ಳುವಷ್ಟು ಆವಿ ಸಿಗಬೇಕಾದರೆ ಅದಕ್ಕಿಂತ ಎಷ್ಟೋ ಹೆಚ್ಚು ಪೆಟ್ರೋಲ್ ಸುರಿಯಬೇಕು.

ಈ ಹೆಚ್ಚುವರಿ ಪೆಟ್ರೋಲ್ ಕೊಡುವ ಹೊಣೆ ಹಿಂದೆ ಚಾಲಕನದಾಗಿತ್ತು. ಅಂಬಾಸಿಡರ್, ಪ್ರೀಮಿಯರ್ ಪದ್ಮಿನಿ, ಹಳೆಯ ಮಾರುತಿ 800ರ ಮಾಲೀಕರಿಗೆ ಚೋಕ್ ಎಳೆಯುವುದು ಗೊತ್ತಿದ್ದ ವಿದ್ಯೆ. ಗುಂಡಿ ಎಳೆದರೆ ಕಾರ್ಬ್ಯುರೇಟರ್‌ನ ಬಾಯಿಯ ತಗಡು ಮುಚ್ಚಿಕೊಂಡು ಗಾಳಿ ಕಡಿಮೆಯಾಗುತ್ತಿತ್ತು, ಮಿಶ್ರಣದಲ್ಲಿ ಪೆಟ್ರೋಲ್ ಹೆಚ್ಚುತ್ತಿತ್ತು. ಎಂಜಿನ್ ಬಿಸಿಯಾದ ಮೇಲೆ ಅದನ್ನು ಒಳಗೆ ತಳ್ಳಲು ಮರೆತರೆ ಕಪ್ಪು ಹೊಗೆ. ಅಂಬಾಸಿಡರ್‌ನಲ್ಲಿ ಬ್ಯಾಟರಿ ಕೈಕೊಟ್ಟರೆ ಹ್ಯಾಂಡಲ್ ಹೊಡೆಯುವ ದಾರಿಯೂ ಇತ್ತು. ಹ್ಯಾಂಡಲ್ಲಿನ ಪೆಟ್ಟಿಗೆ ಕೈ ಮುರಿದುಕೊಂಡವರ ಕಾಲ ಮುಗಿಯತೊಡಗಿದ್ದು 1912ರ ಮಾದರಿಯ ಕ್ಯಾಡಿಲಾಕ್ ಕಾರಿನಲ್ಲಿ ಚಾರ್ಲ್ಸ್ ಕೆಟರಿಂಗ್ ರೂಪಿಸಿದ ವಿದ್ಯುತ್ ಸ್ಟಾರ್ಟರ್ ಬಂದಾಗ. ಸೆಲ್ಫ್ ಸ್ಟಾರ್ಟರ್ ಎಂಬ ಆ ಹೆಸರೇ ನಮ್ಮ ಗ್ಯಾರೇಜುಗಳಲ್ಲಿ ಬರೀ ‘ಸೆಲ್ಫ್’ ಆಗಿ ಉಳಿದಿದೆ. ಇಂಜೆಕ್ಷನ್ ಕಾರುಗಳಲ್ಲಿ ಚೋಕ್‌ನ ಕೆಲಸವನ್ನು ಇಸಿಯು ಎಂಬ ಪುಟ್ಟ ಕಂಪ್ಯೂಟರ್ ಮಾಡುತ್ತದೆ. ಎಂಜಿನ್ ಎಷ್ಟು ತಣ್ಣಗಿದೆ ಎಂದು ಸೆನ್ಸರ್‌ನಿಂದ ತಿಳಿದುಕೊಂಡು ಇಂಜೆಕ್ಟರ್‌ಗಳನ್ನು ಹೆಚ್ಚು ಹೊತ್ತು ತೆರೆದಿಡುತ್ತದೆ, ಥ್ರಾಟಲ್ ತುಸು ತೆರೆದು ಐಡ್ಲಿಂಗ್ ಏರಿಸುತ್ತದೆ.

ಪರೀಕ್ಷೆ ಕಿವಿಯಿಂದ ಆರಂಭವಾಗಬೇಕು. ಕೀಲಿ ತಿರುಗಿಸಿದಾಗ ಎಂಜಿನ್ ತೂಕಡಿಸುತ್ತ, ಎಳೆದೆಳೆದು ತಿರುಗಿದರೆ ಅಥವಾ ಬರೀ ‘ಟಕ್’ ಎಂದರೆ ದೋಷ ಹೆಚ್ಚಾಗಿ ವಿದ್ಯುತ್ ಕಡೆಗಿದೆ. ಇಂಧನದ ಗೊಡವೆಗೆ ಹೋಗುವ ಅಗತ್ಯವೇ ಇಲ್ಲ. ಚುರುಕಾಗಿ ತಿರುಗುತ್ತಿದ್ದರೂ ಹೊತ್ತಿಕೊಳ್ಳದಿದ್ದರೆ ಇಂಧನ, ಕಿಡಿ ಅಥವಾ ಕಂಪ್ರೆಷನ್ ನೋಡಬೇಕು. ತಕ್ಷಣ ಹೊತ್ತಿಕೊಂಡು ಎರಡೇ ಸೆಕೆಂಡಿಗೆ ಆರಿಹೋದರೆ ಅಥವಾ ರೇಸ್ ಕೊಡುತ್ತಲೇ ಇರಬೇಕಾದರೆ ಅನುಮಾನ ಗಾಳಿಯ ದಾರಿಯ ಮೇಲೆ, ಸೆನ್ಸರ್‌ಗಳ ಮೇಲೆ. ಹೊತ್ತಿ ಆರುವ ಜೊತೆಗೆ ಡ್ಯಾಶ್‌ಬೋರ್ಡಿನಲ್ಲಿ ಕೀಲಿಯ ಗುರುತು ಮಿನುಗುತ್ತಿದ್ದರೆ ಅದು ಕಳ್ಳತನ ತಡೆಯುವ ಇಮ್ಮೊಬಿಲೈಸರ್‌ನ ತಂಟೆ, ಚಳಿಗೂ ಅದಕ್ಕೂ ಸಂಬಂಧವಿಲ್ಲ.

ನಮ್ಮಲ್ಲಿ ಇಂಥ ದೂರುಗಳ ದೊಡ್ಡ ಪಾಲು ಬ್ಯಾಟರಿ ಮತ್ತು ಅದರ ತಂತಿಗಳಲ್ಲೇ ಮುಗಿಯುತ್ತದೆ. ಸೀಸ-ಆಮ್ಲದ ಬ್ಯಾಟರಿಯನ್ನು ಹಾಳುಮಾಡುವುದು ಬಿಸಿಲು. ಕಲಬುರಗಿ, ರಾಯಚೂರಿನ ಬೇಸಿಗೆಯಲ್ಲಿ ಬಾನೆಟ್‌ನಡಿಯ ಕಾವಿಗೆ ಅದರ ಫಲಕಗಳು ಬೇಗ ಸವೆಯುತ್ತವೆ, ನೀರು ಆರುತ್ತದೆ. ಬ್ಯಾಟರಿ ಸಾಯುವುದು ಏಪ್ರಿಲ್‌ನಲ್ಲಿ, ಸುದ್ದಿ ತಿಳಿಯುವುದು ಡಿಸೆಂಬರ್‌ನಲ್ಲಿ. ಮೂರರಿಂದ ಐದು ವರ್ಷ ಅದರ ಸಾಮಾನ್ಯ ಆಯುಸ್ಸು. ಶೂನ್ಯ ಡಿಗ್ರಿಗೆ ಇಳಿದರೆ ಒಳ್ಳೆಯ ಬ್ಯಾಟರಿಯ ಬಲವೂ ಐದರಲ್ಲಿ ಒಂದು ಪಾಲಿನಷ್ಟು ತಗ್ಗುತ್ತದೆ. ಹತ್ತು ಹದಿನೈದು ಡಿಗ್ರಿಯಲ್ಲಿ ಆಗುವ ಇಳಿಕೆ ಅದಕ್ಕಿಂತ ಕಡಿಮೆ. ಮೊದಲೇ ಅಂಚಿನಲ್ಲಿರುವ ಬ್ಯಾಟರಿಗೆ ಅಷ್ಟೇ ಸಾಕಾಗುತ್ತದೆ.

ಕೆಲವು ನೂರು ರೂಪಾಯಿಯ ಮಲ್ಟಿಮೀಟರ್ ಒಂದಿದ್ದರೆ ಬ್ಯಾಟರಿಯ ಜಾತಕ ತಿಳಿಯಬಹುದು. ಬೆಳಿಗ್ಗೆ, ಏನನ್ನೂ ಆನ್ ಮಾಡುವ ಮುನ್ನ ಅಳೆದಾಗ 12.6 ವೋಲ್ಟ್ ಅಥವಾ ಹೆಚ್ಚು ಇದ್ದರೆ ಬ್ಯಾಟರಿ ತುಂಬಿದೆ. 12.4 ಎಂದರೆ ಮುಕ್ಕಾಲು, 12.2 ಎಂದರೆ ಅರ್ಧ, 12ಕ್ಕೆ ಬಂದರೆ ಕಾಲುಭಾಗ ಮಾತ್ರ. ಆದರೆ ಈ ಅಂಕಿಯೊಂದನ್ನೇ ನಂಬುವಂತಿಲ್ಲ. ಸವೆದ ಬ್ಯಾಟರಿಯೂ ನಿಂತಲ್ಲಿ 12.6 ತೋರಿಸಿ, ಭಾರ ಬಿದ್ದ ಕೂಡಲೇ ಕುಸಿಯುತ್ತದೆ. ಮೀಟರ್ ಹಚ್ಚಿಟ್ಟುಕೊಂಡೇ ಇನ್ನೊಬ್ಬರಿಂದ ಸೆಲ್ಫ್ ಹೊಡೆಸಬೇಕು. ತಿರುಗುವಾಗ ವೋಲ್ಟೇಜು 9.6ಕ್ಕಿಂತ ಕೆಳಗೆ ಹೋದರೆ ಬ್ಯಾಟರಿ ಸೋತಿದೆ, ಅಥವಾ ಚಾರ್ಜ್ ಇಲ್ಲ, ಅಥವಾ ಸ್ಟಾರ್ಟರ್ ಮೋಟರ್ ಹದ್ದು ಮೀರಿ ವಿದ್ಯುತ್ ಎಳೆಯುತ್ತಿದೆ. ಇದಕ್ಕೆ ವಿರುದ್ಧವಾದ ಫಲ ಸಿಕ್ಕರೆ ಹೆಚ್ಚು ಕುತೂಹಲದ ಸಂಗತಿ: ಎಂಜಿನ್ ನಿಧಾನವಾಗಿ ತಿರುಗುತ್ತಿದೆ, ಬ್ಯಾಟರಿಯ ತುದಿಯಲ್ಲಿ ಮಾತ್ರ ವೋಲ್ಟೇಜು 11ರ ಮೇಲೆಯೇ ನಿಂತಿದೆ. ಬಲ ಇದೆ, ಮೋಟರ್‌ಗೆ ತಲುಪುತ್ತಿಲ್ಲ ಎಂದರ್ಥ. ತಂತಿ, ಟರ್ಮಿನಲ್, ಅರ್ಥಿಂಗ್ ಅಥವಾ ಸ್ಟಾರ್ಟರ್‌ನ ಒಳಗಿನ ಸಂಪರ್ಕಗಳಲ್ಲಿ ತಡೆ ಇದೆ.

ಇಲ್ಲೇ ಎಷ್ಟೋ ಹೊಸ ಬ್ಯಾಟರಿಗಳು ದಂಡವಾಗಿ ಮಾರಾಟವಾಗುವುದು. ಟರ್ಮಿನಲ್ ಮೇಲೆ ಬೆಳೆದ ಬಿಳಿ-ಹಸಿರು ಪುಡಿ, ಸಡಿಲವಾದ ನಟ್, ಕಾರಿನ ಬಾಡಿಗೂ ಎಂಜಿನ್‌ಗೂ ಜೋಡಿಸಿದ ಕಪ್ಪು ತಂತಿಯ ತುದಿಯಲ್ಲಿ ಹಿಡಿದ ತುಕ್ಕು ಇಷ್ಟೇ ಸಾಕು. ಪೆಟ್ರೋಲ್ ಕಾರಿನ ಸ್ಟಾರ್ಟರ್ 100ರಿಂದ 200 ಆಂಪಿಯರ್ ಎಳೆಯುತ್ತದೆ, ಡೀಸೆಲ್ ಕಾರಿನದು ಅದಕ್ಕೂ ಹೆಚ್ಚು. ಅಷ್ಟು ವಿದ್ಯುತ್ ಹರಿಯುವಾಗ ಓಮ್‌ನ ನೂರನೆಯ ಒಂದಂಶದ ತಡೆಯೂ ಒಂದೆರಡು ವೋಲ್ಟ್ ನುಂಗಿಹಾಕುತ್ತದೆ. ಸೆಲ್ಫ್ ಹೊಡೆಯುವಾಗ ಮೀಟರಿನ ಒಂದು ಕಡ್ಡಿಯನ್ನು ಬ್ಯಾಟರಿಯ ಋಣ ತುದಿಗೆ, ಇನ್ನೊಂದನ್ನು ಎಂಜಿನ್ನಿನ ಬರಿ ಲೋಹಕ್ಕೆ ಮುಟ್ಟಿಸಿದರೆ 0.2 ವೋಲ್ಟ್‌ಗಿಂತ ಹೆಚ್ಚು ತೋರಬಾರದು. ಧನ ತುದಿಯಿಂದ ಸ್ಟಾರ್ಟರ್‌ವರೆಗೆ 0.5ರೊಳಗೆ ಇರಬೇಕು. ಮೀರಿದರೆ ಬಿಸಿನೀರು, ಅಡುಗೆ ಸೋಡಾ ಹಾಕಿ ತಿಕ್ಕಿ, ಒರೆಸಿ, ಬಿಗಿಮಾಡಿ, ಮೇಲೆ ವ್ಯಾಸಲಿನ್ ಸವರುವುದೇ ರಿಪೇರಿ. ಖರ್ಚು ಇಲ್ಲವೆಂದೇ ಹೇಳಬೇಕು.

ಬ್ಯಾಟರಿಯೂ ಒಳ್ಳೆಯದು, ತಂತಿಯೂ ಸರಿ, ಆದರೂ ಬೆಳಿಗ್ಗೆ ಚಾರ್ಜ್ ಇಳಿದಿರುತ್ತದೆ ಎಂದರೆ ಎರಡು ಸಾಧ್ಯತೆ. ಒಂದು, ಆಲ್ಟರ್ನೇಟರ್ ತುಂಬಿಸುತ್ತಿಲ್ಲ. ಎಂಜಿನ್ ಓಡುವಾಗ ಬ್ಯಾಟರಿಯ ಮೇಲೆ ಸಾಮಾನ್ಯವಾಗಿ 13.8ರಿಂದ 14.5 ವೋಲ್ಟ್ ಇರಬೇಕು. ಕೆಲವು ಹೊಸ ಕಾರುಗಳು ಇಂಧನ ಉಳಿಸಲು ಇದನ್ನು ಬೇಕೆಂದೇ ಏರಿಳಿಸುತ್ತವೆ. ಇನ್ನೊಂದು, ರಾತ್ರಿ ಏನೋ ಕರೆಂಟ್ ಹೀರುತ್ತಿದೆ. ಬೀಗ ಹಾಕಿ ಒಂದು ಗಂಟೆ ಬಿಟ್ಟ ಮೇಲೆ ಕಾರು 50 ಮಿಲಿ ಆಂಪಿಯರ್‌ಗಿಂತ ಹೆಚ್ಚು ಎಳೆಯಬಾರದು. ಆ ಮಿತಿಯೊಳಗಿದ್ದರೂ ದಿನಕ್ಕೆ 1.2 ಆಂಪಿಯರ್-ಗಂಟೆ ಹೋಗುತ್ತದೆ. 35 ಆಂಪಿಯರ್-ಗಂಟೆಯ ಬ್ಯಾಟರಿ ಎರಡು ವಾರದಲ್ಲಿ ಅರ್ಧವಾಗುತ್ತದೆ. ಹೊರಗೆ ಹಾಕಿಸಿದ ಡ್ಯಾಶ್‌ಕ್ಯಾಮ್ 0.3 ಆಂಪಿಯರ್ ಎಳೆಯುತ್ತಿದ್ದರೆ ಹನ್ನೆರಡು ಗಂಟೆಯ ಒಂದೇ ರಾತ್ರಿಗೆ 3.6 ಆಂಪಿಯರ್-ಗಂಟೆ ಖಾಲಿ. ಬೆಳಿಗ್ಗೆ ಮಗುವನ್ನು ಶಾಲೆಗೆ ಬಿಟ್ಟು ಬರುವ ಎರಡು ಕಿಲೋಮೀಟರ್ ಓಡಾಟದಲ್ಲಿ ಅದು ವಾಪಸ್ ತುಂಬುವುದಿಲ್ಲ. ಸ್ಪೀಕರ್, ಅಲಾರಂ, ಕ್ಯಾಮೆರಾಗಳನ್ನು ಹೊರಗಿನ ಅಂಗಡಿಯಲ್ಲಿ ಹಾಕಿಸಿದ ಬಳಿಕ ತೊಂದರೆ ಶುರುವಾಗಿದ್ದರೆ ಅನುಮಾನಕ್ಕೆ ಬೇರೆ ಆರೋಪಿ ಬೇಕಿಲ್ಲ.

ಆಯಿಲ್ ವಿಚಾರದಲ್ಲಿ ಒಂದು ಹಠಮಾರಿ ನಂಬಿಕೆ ಇದೆ: ಮಂದ ಆಯಿಲ್ ಎಂಜಿನ್ನಿಗೆ ಒಳ್ಳೆಯದು. ಡಬ್ಬಿಯ ಮೇಲಿನ 5ಡಬ್ಲ್ಯು-30 ಎಂಬಲ್ಲಿ ಡಬ್ಲ್ಯು ಅಕ್ಷರ ಚಳಿಗಾಲದ್ದು. ಅದರ ಮುಂಚಿನ ಅಂಕಿ ಚಿಕ್ಕದಾದಷ್ಟೂ ಆಯಿಲ್ ತಣ್ಣಗಿದ್ದಾಗ ತೆಳುವಾಗಿ ಹರಿಯುತ್ತದೆ. 0ಡಬ್ಲ್ಯು-20 ಅಥವಾ 5ಡಬ್ಲ್ಯು-30 ಬೇಡುವ ಎಂಜಿನ್ನಿಗೆ 20ಡಬ್ಲ್ಯು-50 ಸುರಿದರೆ ಸೆಲ್ಫ್‌ಗೆ ಭಾರ ಹೆಚ್ಚುತ್ತದೆ, ಮೇಲಿನ ಕ್ಯಾಮ್‌ಗಳಿಗೆ ಆಯಿಲ್ ಏರುವುದೂ ತಡವಾಗುತ್ತದೆ. ಮಾಲೀಕರ ಕೈಪಿಡಿ ಹೇಳಿದ್ದೇ ಸರಿ. ಮ್ಯಾನ್ಯುವಲ್ ಗೇರಿನ ಕಾರಿನಲ್ಲಿ ಕ್ಲಚ್ ಒತ್ತಿ ಸ್ಟಾರ್ಟ್ ಮಾಡಿದರೆ ಗೇರ್‌ಬಾಕ್ಸಿನ ಮಂದ ಎಣ್ಣೆಯ ಹೊರೆಯಾದರೂ ತಪ್ಪುತ್ತದೆ.

ಎಂಜಿನ್ ಚುರುಕಾಗಿ ತಿರುಗಿಯೂ ಹೊತ್ತಿಕೊಳ್ಳದಿದ್ದಾಗ ಪೆಟ್ರೋಲ್ ಕಾರಿನಲ್ಲಿ ಮೊದಲು ಮಾಡಬೇಕಾದ ಪರೀಕ್ಷೆಗೆ ಯಾವ ಉಪಕರಣವೂ ಬೇಡ. ಕೀಲಿಯನ್ನು ಆನ್ ಸ್ಥಾನಕ್ಕೆ ತಂದರೆ ಟ್ಯಾಂಕಿನೊಳಗಿನ ಪಂಪು ಒಂದೆರಡು ಸೆಕೆಂಡು ‘ಗುಂಯ್’ ಎಂದು ಓಡಿ ಲೈನಿನಲ್ಲಿ ಒತ್ತಡ ತುಂಬಿ ನಿಲ್ಲುತ್ತದೆ. ಸೆಲ್ಫ್ ಹೊಡೆಯದೆ ಕೀಲಿಯನ್ನು ಹೀಗೆ ಮೂರು ಸಲ ಆನ್-ಆಫ್ ಮಾಡಿ, ಆಮೇಲೆ ಸ್ಟಾರ್ಟ್ ಮಾಡಬೇಕು. ದಿನವೂ ಸತಾಯಿಸುವ ಕಾರು ಇವತ್ತು ತಟ್ಟನೆ ಎದ್ದರೆ ರಾತ್ರಿ ಲೈನಿನ ಒತ್ತಡ ಸೋರಿಹೋಗುತ್ತಿದೆ ಎಂಬುದು ಹೆಚ್ಚುಕಡಿಮೆ ಖಚಿತ. ಪಂಪಿನೊಳಗಿನ ಚೆಕ್ ವಾಲ್ವ್, ಒತ್ತಡ ಹಿಡಿದಿಡುವ ರೆಗ್ಯುಲೇಟರ್ ಅಥವಾ ಇಂಜೆಕ್ಟರ್ ಇವುಗಳಲ್ಲಿ ಒಂದು ಜಿನುಗುತ್ತಿದೆ. ಮೊದಲ ಎರಡರಲ್ಲಿ ಪೆಟ್ರೋಲ್ ಟ್ಯಾಂಕಿಗೇ ಮರಳುವುದರಿಂದ ವಾಸನೆ ಬರುವುದಿಲ್ಲ, ಸೆಲ್ಫ್ ಉದ್ದವಾಗುತ್ತದೆ ಅಷ್ಟೆ. ಇಂಜೆಕ್ಟರ್ ಜಿನುಗಿದರೆ ಪೆಟ್ರೋಲ್ ರಾತ್ರಿಯಿಡೀ ಎಂಜಿನ್ನಿನೊಳಗೆ ಇಳಿದಿರುತ್ತದೆ. ಸ್ಟಾರ್ಟ್ ಆದಾಗ ಘಾಟು, ಕಪ್ಪು ಹೊಗೆ, ಮಿಸ್ಸಿಂಗ್ ಒಟ್ಟಿಗೆ ಬರುತ್ತವೆ. ಗ್ಯಾರೇಜಿನಲ್ಲಿ ಗೇಜ್ ಹಾಕಿ ನೋಡಿದರೆ ಸಾಮಾನ್ಯ ಪೋರ್ಟ್ ಇಂಜೆಕ್ಷನ್ ಕಾರಿನಲ್ಲಿ 3ರಿಂದ 4 ಬಾರ್ ಒತ್ತಡ ಇರಬೇಕು, ಎಂಜಿನ್ ನಿಲ್ಲಿಸಿದ ಮೇಲೂ ಬಹಳ ಹೊತ್ತು ನಿಲ್ಲಬೇಕು.

ಪೆಟ್ರೋಲ್ ಹೆಚ್ಚಾಗಿ ಪ್ಲಗ್ ನೆನೆದಿದ್ದರೆ, ಹಲವು ಇಂಜೆಕ್ಷನ್ ಕಾರುಗಳಲ್ಲಿ ಒಂದು ಉಪಾಯ ಅಡಗಿದೆ. ಆಕ್ಸಿಲರೇಟರನ್ನು ನೆಲಮುಟ್ಟ ಒತ್ತಿಹಿಡಿದು ಸೆಲ್ಫ್ ಹೊಡೆದರೆ ಇಸಿಯು ಪೆಟ್ರೋಲ್ ನಿಲ್ಲಿಸಿ ಬರೀ ಗಾಳಿ ಬಿಡುತ್ತದೆ; ಕೆಲವು ಸುತ್ತಿನಲ್ಲಿ ಸಿಲಿಂಡರ್ ಆರುತ್ತದೆ. ಕಾರನ್ನು ಗೇಟಿನಿಂದ ಹೊರಗೆ ತೆಗೆದು, ಸ್ಕೂಟರಿಗೆ ದಾರಿ ಮಾಡಿಕೊಟ್ಟು, ಮತ್ತೆ ಒಳಗೆ ನಿಲ್ಲಿಸಿ ಆಫ್ ಮಾಡುವ ಮನೆಗಳಲ್ಲಿ ಈ ತೊಂದರೆ ಹೆಚ್ಚು. ತಣ್ಣಗಿನ ಎಂಜಿನ್ನಿಗೆ ಧಾರಾಳವಾಗಿ ಪೆಟ್ರೋಲ್ ಸುರಿದಿರುತ್ತದೆ, ಅದು ಸುಡುವ ಮೊದಲೇ ನಿಲ್ಲಿಸಿದ್ದರಿಂದ ಪ್ಲಗ್ ನೆಂದು ಕುಳಿತಿರುತ್ತದೆ. ಇಲ್ಲಿ ಕಾರಿನದು ಯಾವ ತಪ್ಪೂ ಇಲ್ಲ.

ಈಚೆಗೆ ಬೆಳಗಿನ ಪ್ರತಿ ತೊಂದರೆಗೂ ಎಥನಾಲನ್ನು ದೂರುವುದು ರೂಢಿಯಾಗಿದೆ. ಶೇ. 20 ಎಥನಾಲ್ ಬೆರೆಸಿದ ಇ20 ಪೆಟ್ರೋಲ್ ಬಿಡುಗಡೆಯಾದದ್ದು ಬೆಂಗಳೂರಿನಲ್ಲೇ, 2023ರ ಫೆಬ್ರವರಿ 6ರಂದು. ಎಥನಾಲ್ ಕುದಿಯುವುದು 78 ಡಿಗ್ರಿಯಲ್ಲಿ, ಆವಿಯಾಗಲು ಅದು ಹೀರುವ ಶಾಖ ಪೆಟ್ರೋಲಿನ ಎರಡು ಪಟ್ಟಿಗೂ ಮೀರಿದ್ದು. ಆದ್ದರಿಂದಲೇ ಪೂರ್ತಿ ಎಥನಾಲ್‌ನಲ್ಲಿ ಓಡುವ ಬ್ರೆಜಿಲ್‌ನ ಕಾರುಗಳಲ್ಲಿ ಬೆಳಗಿನ ಸ್ಟಾರ್ಟಿಗೆಂದೇ ಬಾನೆಟ್‌ನಡಿ ಪೆಟ್ರೋಲಿನ ಪುಟ್ಟ ಟ್ಯಾಂಕ್ ಇಡುತ್ತಿದ್ದರು. ಆದರೆ ಇ20ರಲ್ಲಿ ಐದರಲ್ಲಿ ನಾಲ್ಕು ಪಾಲು ಪೆಟ್ರೋಲೇ ಇದೆ, ಬೇಗ ಆವಿಯಾಗುವ ಹಗುರ ಭಾಗಗಳೂ ಇವೆ. ನಮ್ಮ ಹವೆಯಲ್ಲಿ ಆರೋಗ್ಯವಂತ ಎಂಜಿನ್ನಿಗೆ ಇದರಿಂದ ಸ್ಟಾರ್ಟ್ ಕಷ್ಟವಾಗಬಾರದು. ನಿಜವಾದ ಅಪಾಯ ನೀರಿನದು. ಎಥನಾಲ್ ನೀರನ್ನು ತನ್ನೊಳಗೆ ಕರಗಿಸಿಕೊಳ್ಳುತ್ತದೆ. ಮಿತಿ ಮೀರಿದಾಗ ಎಥನಾಲ್-ನೀರಿನ ಪದರ ಪೆಟ್ರೋಲಿನಿಂದ ಬೇರೆಯಾಗಿ ಟ್ಯಾಂಕಿನ ತಳ ಸೇರುತ್ತದೆ, ಪಂಪು ಹೀರುವುದು ಅಲ್ಲಿಂದಲೇ. ಮಳೆಗಾಲ ಪೂರ್ತಿ ಕದಲದೆ ನಿಂತ ಕಾರಿನಲ್ಲಿ ಈ ಸಾಧ್ಯತೆಯನ್ನು ನೆನಪಿಡಬೇಕು. ಅಲ್ಲಿ ಟ್ಯಾಂಕ್ ಖಾಲಿ ಮಾಡಿ ಹೊಸ ಪೆಟ್ರೋಲ್ ಹಾಕದೆ ಬೇರೆ ದಾರಿಯಿಲ್ಲ.

ಸಿಎನ್‌ಜಿ ಕಾರುಗಳ ಕಥೆ ಇದಕ್ಕೆ ಹೊಂದಿಕೊಂಡದ್ದೇ. ಅವುಗಳಲ್ಲಿ ಹೆಚ್ಚಿನವು ಬೆಳಿಗ್ಗೆ ಪೆಟ್ರೋಲ್‌ನಲ್ಲಿ ಸ್ಟಾರ್ಟ್ ಆಗಿ, ಎಂಜಿನ್ ತುಸು ಬಿಸಿಯಾದ ಮೇಲೆ ಗ್ಯಾಸಿಗೆ ಬದಲಾಗುತ್ತವೆ. ಮಾಲೀಕರಿಗೆ ಪೆಟ್ರೋಲ್ ಟ್ಯಾಂಕೇ ಮರೆತುಹೋಗಿರುತ್ತದೆ. ತಿಂಗಳುಗಟ್ಟಲೆ ಕೂತ ಪೆಟ್ರೋಲಿನ ಹಗುರ ಅಂಶಗಳು ಹಾರಿ, ಇಂಜೆಕ್ಟರಿನ ಮೂತಿಗೆ ಅಂಟು ಕಟ್ಟುತ್ತದೆ. ಗ್ಯಾಸಿನಲ್ಲಿ ಚೆನ್ನಾಗಿ ಓಡುವ ಗಾಡಿ ಬೆಳಿಗ್ಗೆ ಮಾತ್ರ ಏಳದಿದ್ದರೆ ಮೊದಲು ಪೆಟ್ರೋಲ್‌ನಲ್ಲೇ ನಾಲ್ಕಾರು ದಿನ ಓಡಿಸಿ ನೋಡಬೇಕು.

ಚೋಕ್‌ನ ಕೆಲಸ ಈಗ ಕೂಲಂಟ್ ತಾಪದ ಸೆನ್ಸರ್‌ನ ಮಾತಿನ ಮೇಲೆ ನಡೆಯುವುದರಿಂದ ಆ ಸೆನ್ಸರ್ ಸುಳ್ಳು ಹೇಳಿದರೆ ಎಲ್ಲವೂ ಕೆಡುತ್ತದೆ. ತಣ್ಣಗಾದಾಗ ಅದರ ತಡೆ ಹೆಚ್ಚು, ಬಿಸಿಯಾದಂತೆ ಕಡಿಮೆ. ಸಾಮಾನ್ಯವಾಗಿ 20 ಡಿಗ್ರಿಯಲ್ಲಿ ಎರಡು ಮೂರು ಸಾವಿರ ಓಮ್ ಇದ್ದದ್ದು 80 ಡಿಗ್ರಿ ದಾಟಿದಾಗ ಕೆಲವು ನೂರಕ್ಕೆ ಇಳಿಯುತ್ತದೆ. ಬೆಳಗಿನ 18 ಡಿಗ್ರಿಯನ್ನು ಅದು 60 ಎಂದು ವರದಿ ಮಾಡಿದರೆ ಇಸಿಯು ಬಿಸಿ ಎಂಜಿನ್ನಿಗೆ ತಕ್ಕಷ್ಟೇ ಪೆಟ್ರೋಲ್ ಕೊಡುತ್ತದೆ. ಎಂಜಿನ್ ಹೊತ್ತಿಕೊಳ್ಳುವುದಿಲ್ಲ. ಸ್ಕ್ಯಾನರ್ ಹಾಕಿದ ಮೆಕ್ಯಾನಿಕ್ ‘ಯಾವ ಕೋಡೂ ಇಲ್ಲ, ಗಾಡಿ ಸರಿಯಿದೆ’ ಎನ್ನುವುದು ಇಂಥ ಕಡೆಯೇ. ಪಿ0117, ಪಿ0118ರಂಥ ದೋಷದ ಕೋಡ್‌ಗಳು ದಾಖಲಾಗುವುದು ಸೆನ್ಸರ್ ಅಸಾಧ್ಯವಾದ ಅಂಕಿ ಕೊಟ್ಟಾಗ, ತಂತಿ ಕಡಿದಾಗ. 60 ಡಿಗ್ರಿ ಅಸಾಧ್ಯವಲ್ಲವಲ್ಲ, ಇಸಿಯು ನಂಬಿಬಿಡುತ್ತದೆ. ಇದನ್ನು ಹಿಡಿಯಲು ರಾತ್ರಿ ನಿಂತ ಕಾರಿನಲ್ಲಿ, ಸ್ಟಾರ್ಟ್ ಮಾಡುವ ಮುನ್ನ, ಸ್ಟೀರಿಂಗ್ ಕೆಳಗಿರುವ, ಸ್ಕ್ಯಾನರ್ ಜೋಡಿಸುವ ಒಬಿಡಿ ಸಾಕೆಟ್ಟಿಗೆ ಅಗ್ಗದ ಬ್ಲೂಟೂತ್ ಅಡಾಪ್ಟರ್ ಸಿಕ್ಕಿಸಿ ಕೂಲಂಟ್ ತಾಪ ಮತ್ತು ಒಳಬರುವ ಗಾಳಿಯ ತಾಪ ಎರಡನ್ನೂ ಮೊಬೈಲಿನಲ್ಲಿ ನೋಡಬೇಕು. ರಾತ್ರಿಯೆಲ್ಲ ತಣ್ಣಗಾದ ಎಂಜಿನ್ನಿನಲ್ಲಿ ಎರಡೂ ಬಹುತೇಕ ಒಂದೇ ಇರಬೇಕು. ಐದಾರು ಡಿಗ್ರಿಗಿಂತ ಹೆಚ್ಚು ಅಂತರವಿದ್ದರೆ ಎರಡರಲ್ಲೊಂದು ಸುಳ್ಳು. ಕೂಲಂಟ್ ಶೂನ್ಯಕ್ಕಿಂತ 40 ಡಿಗ್ರಿ ಕೆಳಗೆ ಎಂದು ತೋರಿದರೆ ತಂತಿ ಕಡಿದಿದೆ. ಬೆಳಗಿನ ತೊಂದರೆಗಳಿಗೆ ಇಷ್ಟು ಸುಲಭದ, ಇಷ್ಟು ನಿಖರ ಪರೀಕ್ಷೆ ಮತ್ತೊಂದಿಲ್ಲ; ಆದರೂ ಮಾಡುವವರು ವಿರಳ, ಏಕೆಂದರೆ ಹತ್ತು ಗಂಟೆಗೆ ಗ್ಯಾರೇಜಿಗೆ ಬಂದ ಬಿಸಿ ಕಾರಿನಲ್ಲಿ ಇದನ್ನು ಮಾಡಲಾಗದು.

ಹೊತ್ತಿಕೊಂಡು ಆರುವ ಕಾರಿನಲ್ಲಿ ಥ್ರಾಟಲ್ ಬಾಡಿ ಬಿಚ್ಚಿ ನೋಡಬೇಕು. ತಗಡಿನ ಅಂಚಿಗೆ ಕಾರ್ಬನ್ ಕಟ್ಟಿದ್ದರೆ ಐಡ್ಲಿಂಗ್‌ಗೆ ಬೇಕಾದ ಗಾಳಿ ನುಸುಳುವುದಿಲ್ಲ. ಕ್ಲೀನರ್ ಸ್ಪ್ರೇ, ಬಟ್ಟೆ ಸಾಕು. ವಿದ್ಯುತ್ ಥ್ರಾಟಲ್ ಇರುವ ಹಲವು ಕಾರುಗಳಲ್ಲಿ ಬಳಿಕ ಸ್ಕ್ಯಾನರಿನಿಂದ ಅದರ ಸ್ಥಾನವನ್ನು ಮತ್ತೆ ಕಲಿಸಬೇಕಾಗುತ್ತದೆ. ಥ್ರಾಟಲ್‌ನ ಆಚೆ ಬಿರುಕು ಬಿಟ್ಟ ರಬ್ಬರ್ ಪೈಪಿನಿಂದ ಲೆಕ್ಕಕ್ಕೆ ಸಿಗದ ಗಾಳಿ ಒಳಬಂದರೂ ಇದೇ ಲಕ್ಷಣ. ಅದು ಬೆಳಿಗ್ಗೆ ಮಾತ್ರ ಕಾಡಲು ಕಾರಣವಿದೆ. ಸೈಲೆನ್ಸರ್ ದಾರಿಯ ಆಕ್ಸಿಜನ್ ಸೆನ್ಸರ್ ಸುಮಾರು 300 ಡಿಗ್ರಿ ಬಿಸಿಯಾದ ಮೇಲಷ್ಟೇ ಕೆಲಸ ಮಾಡುತ್ತದೆ. ಅಲ್ಲಿಯವರೆಗೆ ಇಸಿಯು ಕುರುಡಾಗಿ, ಲೆಕ್ಕದ ಪಟ್ಟಿಯಂತೆ ಪೆಟ್ರೋಲ್ ಬಿಡುತ್ತದೆ. ಸೆನ್ಸರ್ ಎಚ್ಚೆತ್ತ ಬಳಿಕ ಹೆಚ್ಚುವರಿ ಗಾಳಿಯನ್ನು ಕಂಡು ಪೆಟ್ರೋಲ್ ಸರಿದೂಗಿಸುತ್ತದೆ, ದೋಷ ಮುಚ್ಚಿಹೋಗುತ್ತದೆ.

ಪ್ಲಗ್‌ಗಳನ್ನು ಎಲ್ಲರೂ ಮೊದಲು ಬದಲಿಸುತ್ತಾರೆ, ಅದರಿಂದ ನಷ್ಟವೇನೂ ಇಲ್ಲ. ಮಾಮೂಲಿ ಪ್ಲಗ್ ಬಾಳುವುದು 20ರಿಂದ 30 ಸಾವಿರ ಕಿಲೋಮೀಟರ್, ಇರಿಡಿಯಂನದು ಅದರ ಮೂರು ನಾಲ್ಕು ಪಟ್ಟು. ತುದಿ ಸವೆದು ಅಂತರ ಹೆಚ್ಚಿದಂತೆ ಕಿಡಿ ಹಾರಲು ಹೆಚ್ಚು ವೋಲ್ಟೇಜು ಬೇಕು. ಸೆಲ್ಫ್ ಹೊಡೆಯುವಾಗ ಬ್ಯಾಟರಿ ಕುಸಿದಿರುವುದರಿಂದ ಆ ಹೊತ್ತಿಗೇ ಕಾಯಿಲ್‌ನ ಬಲ ಕಡಿಮೆ. ಬಿಚ್ಚಿದ ಪ್ಲಗ್ಗನ್ನು ಎಸೆಯುವ ಮುನ್ನ ಅದರ ಮುಖ ನೋಡಬೇಕು. ತಿಳಿಗಂದು ಬಣ್ಣ ಆರೋಗ್ಯದ್ದು, ಒಣ ಕಪ್ಪು ಮಸಿ ಪೆಟ್ರೋಲ್ ಹೆಚ್ಚಾದದ್ದರ ಗುರುತು, ಎಣ್ಣೆಯ ಜಿಡ್ಡು ರಿಂಗ್ ಅಥವಾ ವಾಲ್ವ್ ಸೀಲ್ ಸವೆದದ್ದರ ಗುರುತು.

ಡೀಸೆಲ್ ಎಂಜಿನ್ನಿಗೆ ಪ್ಲಗ್ಗಿನ ಕಿಡಿ ಇಲ್ಲ. ಗಾಳಿಯನ್ನು ಹದಿನಾರು ಹದಿನೇಳು ಪಟ್ಟು ಅದುಮಿ, ಆ ಒತ್ತಡದ ಬಿಸಿಗೇ ಇಂಧನ ಹೊತ್ತಿಕೊಳ್ಳಬೇಕು. ತಣ್ಣಗಿನ ಲೋಹ ಆ ಬಿಸಿಯನ್ನು ಕದಿಯುತ್ತದೆ, ಸೆಲ್ಫ್ ನಿಧಾನವಾದಷ್ಟೂ ಕದಿಯಲು ಹೆಚ್ಚು ಸಮಯ ಸಿಗುತ್ತದೆ. ಹಾಗಾಗಿ ಡೀಸೆಲ್ ಕಾರಿನಲ್ಲಿ ಬ್ಯಾಟರಿಯ ಬಲ ಪೆಟ್ರೋಲ್ ಕಾರಿಗಿಂತ ಹೆಚ್ಚು ಮುಖ್ಯ. ಕೊರತೆ ತುಂಬಲು ಪ್ರತಿ ಸಿಲಿಂಡರಿಗೊಂದು ಗ್ಲೋ ಪ್ಲಗ್ ಇರುತ್ತದೆ, ಗ್ಯಾರೇಜಿನ ಮಾತಿನಲ್ಲಿ ಹೀಟರ್ ಪ್ಲಗ್. ಕೆಲವೇ ಸೆಕೆಂಡಿನಲ್ಲಿ ಅದರ ತುದಿ 850 ಡಿಗ್ರಿ ದಾಟಿ ಕೆಂಪಗಾಗುತ್ತದೆ. ಡ್ಯಾಶ್‌ಬೋರ್ಡಿನ ಸುರುಳಿ ಗುರುತು ಆರುವವರೆಗೆ ಕಾಯುವುದು ಇದಕ್ಕಾಗಿ. ನಾಲ್ಕರಲ್ಲಿ ಒಂದು ಸತ್ತರೆ ಸ್ಟಾರ್ಟ್ ಆದ ಮೊದಲ ಅರ್ಧ ನಿಮಿಷ ಮಿಸ್ಸಿಂಗ್, ಬಿಳಿ ಹೊಗೆ. ಆ ಹೊಗೆ ಸುಡದೆ ಹೊರಬಿದ್ದ ಡೀಸೆಲ್. ಒತ್ತಡದ ಒಂದೇ ಕೊಳವೆಯಿಂದ (ರೈಲ್) ಎಲ್ಲ ಇಂಜೆಕ್ಟರ್‌ಗಳಿಗೂ ಡೀಸೆಲ್ ಹಂಚುವ ಹಲವು ಕಾಮನ್ ರೈಲ್ ಎಂಜಿನ್‌ಗಳು ಬಯಲುಸೀಮೆಯ ಹವೆಯಲ್ಲಿ ಗ್ಲೋ ಪ್ಲಗ್ ಇಲ್ಲದೆಯೂ ಏಳುತ್ತವೆ. ಎಲ್ಲ ಪ್ಲಗ್ ಸತ್ತರೂ ಮಾಲೀಕರಿಗೆ ವರ್ಷಗಟ್ಟಲೆ ಗೊತ್ತಾಗದೆ, ಊಟಿಗೋ ಮಡಿಕೇರಿಗೋ ಹೋಗಿ ತಂಗಿದ ಮರುದಿನ ಬೆಳಿಗ್ಗೆ ಗೊತ್ತಾಗುತ್ತದೆ. ತಂತಿ ಕಳಚಿ ಮೀಟರಿನಿಂದ ತಡೆ ಅಳೆದರೆ ಒಂದು ಓಮ್ ಆಸುಪಾಸು ಇರಬೇಕು. ಏನೂ ತೋರದಿದ್ದರೆ ಪ್ಲಗ್ ಸತ್ತಿದೆ. ನಾಲ್ಕೂ ಸರಿಯಿದ್ದು ಕರೆಂಟ್ ಬಾರದಿದ್ದರೆ ರಿಲೇ ನೋಡಬೇಕು. ಹಳೆಯ ಗ್ಲೋ ಪ್ಲಗ್ ಹೆಡ್ಡಿನಲ್ಲಿ ಕಚ್ಚಿಕೊಂಡಿರುತ್ತದೆ, ಬಲವಂತ ಮಾಡಿದರೆ ಮುರಿದು ಒಳಗೇ ಉಳಿಯುತ್ತದೆ. ಎಂಜಿನ್ ಬಿಸಿಯಿರುವಾಗ ನಿಧಾನವಾಗಿ ಸಡಿಲಿಸುವ ತಾಳ್ಮೆ ಇಲ್ಲದವರ ಕೈಗೆ ಆ ಕೆಲಸ ಕೊಡಬಾರದು.

ಡೀಸೆಲ್‌ನ ಇನ್ನೊಂದು ಕಾಯಿಲೆ ‘ಏರ್ ಹಿಡಿಯುವುದು’. ಪೈಪಿನ ಜೋಡಣೆಯಲ್ಲೋ ಫಿಲ್ಟರಿನ ರಬ್ಬರಿನಲ್ಲೋ ಕೂದಲೆಳೆಯಷ್ಟು ಸಂದಿ ಇದ್ದರೆ ಡೀಸೆಲ್ ಹೊರಗೆ ಸೋರದಿದ್ದರೂ ರಾತ್ರಿ ಗಾಳಿ ಒಳಸೇರಿ, ಇಂಧನ ಟ್ಯಾಂಕಿನತ್ತ ಹಿಂದೆ ಸರಿಯುತ್ತದೆ. ಇಳಿಜಾರಿನಲ್ಲಿ ಮೂತಿ ಮೇಲಾಗಿ ನಿಲ್ಲಿಸಿದ ದಿನ ತೊಂದರೆ ಹೆಚ್ಚಿ, ಮೂತಿ ಕೆಳಗಾಗಿ ನಿಲ್ಲಿಸಿದ ದಿನ ಕಡಿಮೆಯಾದರೆ ಇದೇ ಕಾರಣವೆನ್ನಬಹುದು. ಕೈಪಂಪ್ ಇರುವ ಕಾರಿನಲ್ಲಿ ಅದನ್ನು ಗಟ್ಟಿಯಾಗುವವರೆಗೆ ಒತ್ತಿ ಸ್ಟಾರ್ಟ್ ಮಾಡಿ ನೋಡಬಹುದು. ಸೋರಿಕೆ ಎಲ್ಲಿದೆ ಎಂಬುದು ಪಾರದರ್ಶಕ ಪೈಪ್ ತುಂಡು ಜೋಡಿಸಿದಾಗ ಗುಳ್ಳೆಗಳಿಂದ ತಿಳಿಯುತ್ತದೆ. ಕಾಮನ್ ರೈಲ್ ಕಾರಿನಲ್ಲಿ ಸೆಲ್ಫ್ ಹೊಡೆಯುವಾಗ ರೈಲಿನ ಒತ್ತಡ ಸುಮಾರು 200 ಬಾರ್ ಮುಟ್ಟದೆ ಇಂಜೆಕ್ಟರ್ ತೆರೆಯುವುದೇ ಇಲ್ಲ. ಸವೆದ ಇಂಜೆಕ್ಟರ್ ಒಂದೇ ಸಾಕು, ಒತ್ತಡವನ್ನೆಲ್ಲ ರಿಟರ್ನ್ ಪೈಪಿಗೆ ಬಿಟ್ಟುಬಿಡಲು. ನಾಲ್ಕೂ ರಿಟರ್ನ್ ಪೈಪುಗಳಿಗೆ ಸಣ್ಣ ಬಾಟಲಿ ಕಟ್ಟಿ, ಯಾವುದು ಬೇಗ ತುಂಬುತ್ತದೆ ಎಂದು ನೋಡುವ ಹಳೆಯ ವಿಧಾನ ಇಲ್ಲಿ ದುಬಾರಿ ಊಹೆಗಳನ್ನು ತಪ್ಪಿಸುತ್ತದೆ. ಡೀಸೆಲ್ ಮೇಣಗಟ್ಟುವ ಚಿಂತೆ ಕರ್ನಾಟಕದಲ್ಲಿ ಬೇಡ. ಅದು ಲಡಾಖಿನ ಸಮಸ್ಯೆ. ಅಲ್ಲಿಗಾಗಿ ಇಂಡಿಯನ್ ಆಯಿಲ್ 2019ರ ನವೆಂಬರ್‌ನಲ್ಲಿ ಶೂನ್ಯಕ್ಕಿಂತ 33 ಡಿಗ್ರಿ ಕೆಳಗೂ ಹರಿಯುವ ಚಳಿಗಾಲದ ಡೀಸೆಲ್ ತಂದಿತು. ಚಳಿಗಾಲದಲ್ಲಿ ಇಲ್ಲಿಂದ ಗಾಡಿ ಓಡಿಸಿಕೊಂಡು ಹೋಗುವವರು ಅದನ್ನೇ ತುಂಬಿಸಿಕೊಳ್ಳಬೇಕು.

ಎಲ್ಲ ಸರಿಯಿದ್ದೂ ಏಳದ ಎಂಜಿನ್‌ನಲ್ಲಿ ಕಡೆಯದಾಗಿ ಕಂಪ್ರೆಷನ್ ಅಳೆಯಬೇಕು. ಪೆಟ್ರೋಲ್ ಎಂಜಿನ್ನಿನಲ್ಲಿ ಸುಮಾರು 10ರಿಂದ 13 ಬಾರ್ ಸಾಮಾನ್ಯ. ಸಿಲಿಂಡರ್‌ಗಳ ನಡುವಿನ ವ್ಯತ್ಯಾಸ ಶೇ. 10-15 ಮೀರಬಾರದು. ಕಡಿಮೆಯಿದ್ದ ಸಿಲಿಂಡರಿಗೆ ಒಂದು ಚಮಚ ಆಯಿಲ್ ಬಿಟ್ಟು ಮತ್ತೆ ಅಳೆದಾಗ ಏರಿದರೆ ರಿಂಗ್ ಸವೆದಿದೆ, ಏರದಿದ್ದರೆ ವಾಲ್ವ್ ಸರಿಯಾಗಿ ಕೂರುತ್ತಿಲ್ಲ. ಎರಡೂ ದೊಡ್ಡ ಕೆಲಸ, ಹಾಗಾಗಿ ಮೇಲಿನದೆಲ್ಲ ಮುಗಿಯದೆ ಎಂಜಿನ್ ಬಿಚ್ಚಲು ಒಪ್ಪಬಾರದು.

ತುರ್ತಿಗೆ ಮಾಡುವ ಕೆಲವು ಕೆಲಸಗಳು ಹೊಸ ದೋಷ ತರುತ್ತವೆ. ಸೆಲ್ಫ್ ಒಂದೇ ಸಮನೆ ಹತ್ತು ಸೆಕೆಂಡಿಗಿಂತ ಹೆಚ್ಚು ಹೊಡೆದರೆ ಮೋಟರ್ ಸುಡಬಹುದು. ನಡುವೆ ಅರ್ಧ ನಿಮಿಷ ಬಿಡುವು ಬೇಕು. ತಳ್ಳಿ ಸ್ಟಾರ್ಟ್ ಮಾಡುವುದು ಬ್ಯಾಟರಿ ಸತ್ತ ಹಳೆಯ ಮ್ಯಾನ್ಯುವಲ್ ಕಾರಿಗೆ ಆದೀತು. ಇಂದಿನ ಕಾರುಗಳಲ್ಲಿ ಸುಡದ ಪೆಟ್ರೋಲ್ ಕ್ಯಾಟಲಿಟಿಕ್ ಕನ್ವರ್ಟರ್ ಸೇರಿ ಅದನ್ನು ಕೆಡಿಸಬಹುದು, ಆಟೋಮ್ಯಾಟಿಕ್ ಗಾಡಿಗೆ ತಳ್ಳುವಿಕೆ ನಡೆಯುವುದೇ ಇಲ್ಲ. ಗ್ಲೋ ಪ್ಲಗ್ ಇರುವ ಡೀಸೆಲ್ ಎಂಜಿನ್ನಿಗೆ ಈಥರ್ ಸ್ಪ್ರೇ ಹೊಡೆಯುವುದು ಅಪಾಯ. ಕೆಂಪಗಾದ ಪ್ಲಗ್ಗಿಗೆ ತಾಗಿ ಪಿಸ್ಟನ್ನನ್ನೇ ಒಡೆಯಬಲ್ಲದು. ಇನ್ನೊಂದು ಕಾರಿನಿಂದ ಜಂಪ್ ಕೊಡುವಾಗ ಕೆಂಪು ತಂತಿಯನ್ನು ಎರಡೂ ಧನ ತುದಿಗಳಿಗೆ ಕಟ್ಟಿ, ಕಪ್ಪನ್ನು ಮೊದಲು ಒಳ್ಳೆಯ ಬ್ಯಾಟರಿಯ ಋಣ ತುದಿಗೆ, ಕೊನೆಯದಾಗಿ ಕೆಟ್ಟ ಕಾರಿನ ಎಂಜಿನ್ ಲೋಹಕ್ಕೆ ಹಚ್ಚಬೇಕು. ಕೊನೆಯ ಜೋಡಣೆಯಲ್ಲಿ ಕಿಡಿ ಹಾರುತ್ತದೆ, ಬ್ಯಾಟರಿಯಿಂದ ಹೊರಡುವ ಹೈಡ್ರೋಜನ್ ಹತ್ತಿರವಿರಬಾರದು.

ರಿಪೇರಿಗೆ ಬಿಡುವಾಗ ಕಾರನ್ನು ಹಿಂದಿನ ಸಂಜೆಯೇ ಗ್ಯಾರೇಜಿನಲ್ಲಿ ನಿಲ್ಲಿಸಿ, ಬೆಳಿಗ್ಗೆ ಮೊದಲ ಸೆಲ್ಫ್ ಮೆಕ್ಯಾನಿಕ್ಕೇ ಹೊಡೆಯುವಂತೆ ಹೇಳಬೇಕು. ಅಷ್ಟರಲ್ಲಿ ಯಾರೂ ಅದನ್ನು ಪಕ್ಕಕ್ಕೆ ಸರಿಸಲೆಂದು ಸ್ಟಾರ್ಟ್ ಮಾಡಬಾರದು. ಅದಾಗದಿದ್ದರೆ ಮೊದಲ ಸ್ಟಾರ್ಟಿನ ಸದ್ದು ಮತ್ತು ಹೊಗೆಯನ್ನು ಮೊಬೈಲಿನಲ್ಲಿ ಚಿತ್ರೀಕರಿಸಿಕೊಂಡು ಹೋಗಿ ತೋರಿಸಬಹುದು. ಭಾಗಗಳನ್ನು ಒಂದೊಂದಾಗಿಯೇ ಬದಲಿಸಬೇಕು, ಪ್ರತಿ ಬದಲಾವಣೆಯ ನಂತರ ಎಂಟು ಗಂಟೆ ನಿಲ್ಲಿಸಿ ನೋಡಬೇಕು. ಸಂಜೆ ಬಿಸಿ ಎಂಜಿನ್ನನ್ನು ಸ್ಟಾರ್ಟ್ ಮಾಡಿ ತೋರಿಸಿ ಕೀಲಿ ಕೊಟ್ಟರೆ ಕೆಲಸ ಆಗಿದೆಯೋ ಇಲ್ಲವೋ ತಿಳಿಯುವುದಿಲ್ಲ. ಪೂರ್ತಿ ಹಣ ಕೊಡುವುದನ್ನು ಮರುದಿನ ಬೆಳಗಿನ ಮೇಲೆ ಇಟ್ಟುಕೊಳ್ಳಬಹುದು.